ಬೇಲಿಗೆ ಬಂದ ಹೊತ್ತು

ಕೊಣ್ಣೂರಿನ ತವನಪ್ಪನ ಮನೆಯಲ್ಲಿ ಜಗಳಗಳೆಲ್ಲ ಊಟದ ಹೊತ್ತಿಗೇ ಶುರುವಾಗುತ್ತಿದ್ದವು. ತವನಪ್ಪ ಮನೆಯೊಳಗೆ ಸಿಗುತ್ತಿದ್ದದ್ದೇ ಆಗ. ಉಳಿದ ಹೊತ್ತೆಲ್ಲ ಅವನದು ಹೊಲ, ಇಲ್ಲವೆ ಬಸದಿಯ ಮುಂದಿನ ಕಟ್ಟೆ. ಹಿತ್ತಲ ಬೇಲಿಯ ಜಗಳವೂ ಶ್ರಾವಣದ ಒಂದು ಮುಂಜಾನೆ ರೊಟ್ಟಿಯ ಜೊತೆಗೇ ಬಂತು.

"ಅತ್ತಿ, ಹಿತ್ತಲಕ ಏನರ ಮರೆ ಮಾಡಸ್ರಿ ಅಂತ ಮಾವಾರಿಗೆ ಹೇಳ್ರಿ," ಎಂದಳು ಸೊಸೆ ತಾರಾಬಾಯಿ. ಮಾವ ಕೈಗೆಟಕುವಷ್ಟು ದೂರದಲ್ಲೇ ಕೂತು ರೊಟ್ಟಿ ಮುರಿಯುತ್ತಿದ್ದ. ಆದರೆ ಸೊಸೆಯಾದವಳು ಮಾವನೊಡನೆ ನೇರ ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

"ಯಾಕಂತ?" ಎಂದು ತವನಪ್ಪ ಹೆಂಡತಿಯನ್ನು ಕೇಳಿದ.

"ಯಾಕಂತ ಕೇಳ್ತಾರ ನೋಡ," ಎಂದಳು ಪದ್ಮವ್ವ, ಎಲ್ಲರಿಗೂ ಕೇಳಿಸಿದ್ದರೂ.

"ಇವತ್ತ ಜಳಕಾ ಮಾಡುವಾಗ ಹತ್ತಿ ಗಾಡಿ ಮ್ಯಾಲ ಕುಂತಾಂವ ಒಬ್ಬ ನನ್ನ ನೋಡಿ ಹಾಡ ಹೇಳಿದ್ನರಿ," ಎಂದಳು ತಾರಾಬಾಯಿ.

ತವನಪ್ಪನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

ಅವರ ಹಿತ್ತಲ ಹಿಂದೆ ಮೊದಲು ಇದ್ದದ್ದು ದನ ಓಡಾಡುವ ಕಾಲುದಾರಿ. ನೂಲಿನ ಗಿರಣಿಗೆ ಹತ್ತಿರದ ಹಾದಿಯಾಗುತ್ತದೆಂದು ಆ ಬೇಸಿಗೆಯಲ್ಲಿ ಅದನ್ನು ಅಗಲ ಮಾಡಿದ್ದರು. ಮೂಡಲಗಿ ಕಡೆಯಿಂದ ಬರುವ ಹತ್ತಿಯ ಗಾಡಿಗಳೂ, ಪಾಳಿಗೆ ಹೋಗುವ ಗಿರಣಿಯವರೂ ಬೆಳಕು ಹರಿಯುತ್ತಲೇ ಅಲ್ಲಿಂದ ಹಾಯತೊಡಗಿದರು. ಮನೆಗೂ ಆ ಹಾದಿಗೂ ನಡುವೆ ಇದ್ದದ್ದು ಸೊಂಟದೆತ್ತರದ ಕಳ್ಳಿ ಬೇಲಿ. ಅದರ ಮಗ್ಗುಲಲ್ಲೇ ಬಚ್ಚಲು, ಮೇಲೆ ಆಕಾಶ. ನಸುಕಿನ ಕತ್ತಲಲ್ಲಿ ಜಳಕ ಮುಗಿಸೋಣವೆಂದರೆ ಪದ್ಮವ್ವ ಒಪ್ಪುವವಳಲ್ಲ. ಬಾವಿಯ ನೀರನ್ನು ಅರಿವೆಯಲ್ಲಿ ಸೋಸುವಾಗ ಅದರೊಳಗಿನ ಹುಳುಹುಪ್ಪಡಿ ಕಣ್ಣಿಗೆ ಕಾಣಬೇಕು, ಆಮೇಲೆಯೇ ಮೈಗಾಗಲಿ ಅಡುಗೆಗಾಗಲಿ ಆ ನೀರು.

"ನಾ ಈ ಮನಿಗೆ ಬಂದಾಗಿಂದ ಅದ ಬಚ್ಚಲದಾಗ ಜಳಕಾ ಮಾಡೇನಿ," ಎಂದಳು ಪದ್ಮವ್ವ. "ನನ್ನ ಯಾರೂ ನೋಡಲಿಲ್ಲ."

"ಆವಾಗ ಹಿಂದ ಎಮ್ಮಿ ಅಷ್ಟ ಅಡ್ಡಾಡತಿದ್ವು," ಎಂದ ತವನಪ್ಪ. "ಹೊಸಾ ಬೇಲಿ ಹಾಕಸೂಣು. ನಾಳೆನ ಕುಣಿ ತಗಸ್ತೇನಿ."

"ಚಾತುರ್ಮಾಸದಾಗ ನೆಲಾ ಅಗೀತೀರಿ? ಮಳಿಗಾಲದಾಗ ಮಣ್ಣಾಗ ಎಷ್ಟ ಜೀವ ಇರ್ತಾವ! ದೀಪಾವಳಿ ಆಗ್ಲಿ."

"ಅಲ್ಲೀತನ ಈಕಿ ಏನ ಮಾಡಬೇಕು?"

ಅಲ್ಲೀತನಕ ಪದ್ಮವ್ವನೇ ದಿನಾ ಮುಂಜಾನೆ ಕೌದಿ ಬಿಚ್ಚಿ ಎರಡು ಕೈಯಿಂದ ಎತ್ತಿ ಹಿಡಿದು ನಿಲ್ಲಬೇಕಾಯಿತು. ಮೊಣಕಾಲು ನೋವು ಬೇರೆ. "ಲಗೂ ಮುಗಸ. ನಾ ಏನ ನಾಟಕದ ಪಡದೇನ?" ಎಂದು ಬೈಯುವಳು, ಆದರೂ ಒಂದು ದಿನವೂ ಕೈ ಇಳಿಸಿದವಳಲ್ಲ. ಗಾಡಿಯ ಗೆಜ್ಜೆಯ ಸಪ್ಪಳ ಕೇಳಿದರೆ ಕೌದಿ ಇನ್ನಷ್ಟು ಮೇಲೇರುತ್ತಿತ್ತು.

ದೀಪಾವಳಿ ಹತ್ತಿರ ಬಂದಂತೆ ಬೇಲಿ ಹೇಗಿರಬೇಕೆಂಬ ಮಾತು ಎದ್ದಿತು. ಮಗ ಜಿನಪ್ಪ ಗಿರಣಿಯ ಕಚೇರಿಯಲ್ಲಿ ಕಾರಕೂನ. ಮುಂಜಾನೆ ಬುತ್ತಿ ಕಟ್ಟಿಕೊಂಡು ಹೋದರೆ ಸಂಜೆಯ ಊಟವನ್ನೂ ಅಲ್ಲೇ ಹೊತ್ತಿರುವಾಗ ಮುಗಿಸಿ, ದೀಪ ಹಚ್ಚಿದ ಮೇಲೆ ಮನೆಗೆ ಬರುವವನು. ರವಿವಾರ ಮಾತ್ರ ಮನೆಯಲ್ಲಿ ಕೂತು ಉಂಡು ಸಲಹೆ ಕೊಡುತ್ತಿದ್ದ.

"ಸಾಹೇಬ್ರ ಬಂಗ್ಲೇಕ ಜಾಲಂದ್ರದ ಬೇಲಿ ಐತಿ ಅಪ್ಪಾ. ಪಟ್ಟಿ ಅಡ್ಡಡ್ಡ ಹೊಡದ ಮ್ಯಾಲ ಬಳ್ಳಿ ಬಿಟ್ಟಾರ. ಭಾಳ ಚಂದ ಕಾಣತೈತಿ."

"ಯಾರಿಗೆ ಚಂದ?" ಎಂದಳು ಪದ್ಮವ್ವ. "ತೂತ ಇದ್ದಲ್ಲಿ ಕಣ್ಣ ಇಡಾವ್ರೂ ಇರ್ತಾರ. ಬಳ್ಳಿ ಹಬ್ಬೂತನ ನಾ ಕೌದಿ ಹಿಡಕೊಂಡ ನಿಂದರ್ಲೇನ?"

"ಹಂಗಾರ ಬಿದರ ತಟ್ಟಿ ಕಟ್ಟಸೂಣು."

"ಎಮ್ಮಿ ಒಂದ ಸಲ ಮೈ ತಿಕ್ಕಿದ್ರ ತಟ್ಟಿ ನೆಲದ ಮ್ಯಾಲ," ಎಂದ ತವನಪ್ಪ. "ನಾ ಹೇಳ್ತೇನಿ ಕೇಳ್ರಿ. ಹಲಗಿ. ಒತ್ತೊತ್ತಿ ನಿಂದರಸಿದ ಹಲಗಿ. ಗಾಡಿ ಮ್ಯಾಲ ಹತ್ತಿ, ಹತ್ತಿ ಮ್ಯಾಲ ಮನಿಶಾ ಕುಂತ್ರೂ ನಮ್ಮ ಹಿತ್ತಲಾ ಅವಗ ಕಾಣಬಾರ್ದು."

"ಅಷ್ಟೆತ್ತರ ಹಾಕಿದ್ರ ಜೇಲ ಕಂಡಂಗ ಕಾಣತೈತಿ ಅಪ್ಪಾ."

"ಕಾಣ್ಲಿ. ಹಾಡ ಹೇಳಾವ ಹೊರಗ ಇರ್ತಾನಲ್ಲ."

ಯಾವ ಬೇಲಿ ಬೇಕೆಂದು ತಾರಾಬಾಯಿಯನ್ನು ಯಾರೂ ಕೇಳಲಿಲ್ಲ. ಅವಳು ಬಡಿಸುತ್ತಿದ್ದಳು.

ತವನಪ್ಪ ಗೋಕಾಕಿಗೆ ಹೋಗಿ ಸಾಗವಾನಿ ಹಲಗೆ ಆರಿಸಿ ತಂದ. ಬಡಿಗೇರ ಸತ್ತೆಪ್ಪ ಬಂದು ಒಣಗಿದ ಕಳ್ಳಿ ಕಡಿದು ಕುಣಿ ತೋಡಿದ. ತೋಡುವುದಕ್ಕಿಂತ ಹೆಚ್ಚು ಹೊತ್ತು ಅವನು ಕಾಯುವುದರಲ್ಲೇ ಕಳೆದ. ಪ್ರತಿ ಕುಣಿಯ ಬಾಯಲ್ಲೂ ಪದ್ಮವ್ವ ಕೂತು, ಎರೆಹುಳು ಸಿಕ್ಕರೆ ಎಲೆಯ ಮೇಲೆ ಎತ್ತಿಸಿ ಬಾಳೆಯ ಬುಡಕ್ಕೆ ಬಿಡಿಸುತ್ತಿದ್ದಳು. "ಹಿಂಗಾದ್ರ ಯುಗಾದಿಗೆ ಮುಗೀತೈತ್ರಿ ಅವ್ವಾರ," ಎಂದು ಸತ್ತೆಪ್ಪ ಗೊಣಗಿದರೂ ಕಾರ್ತಿಕ ಮುಗಿಯುವುದರೊಳಗೆ ಬೇಲಿ ನಿಂತಿತು. ಆಳೆತ್ತರಕ್ಕೂ ಮೇಲೆ, ಸೂಜಿ ತೂರದಂತೆ ಒತ್ತಾಗಿ, ಹಿತ್ತಲ ಈ ತುದಿಯಿಂದ ಆ ತುದಿಯವರೆಗೆ. ತವನಪ್ಪ ಕಟ್ಟೆಯ ಗೆಳೆಯರನ್ನೆಲ್ಲ ಕರೆತಂದು ತೋರಿಸಿದ. ಅವರು ಹಲಗೆಯನ್ನು ಬೆರಳಿನಿಂದ ಬಡಿದು ನೋಡಿ, ತಲೆದೂಗಿ, ಬೆಲ್ಲದ ನೀರು ಕುಡಿದು ಹೋದರು.

ತಾರಾಬಾಯಿಯ ಸಂತೋಷವನ್ನು ಮಾತ್ರ ಯಾರೂ ನೋಡಲಿಲ್ಲ. ಬೇಲಿಯಾದ ಮರುದಿನ ಅವಳು ಜಳಕಕ್ಕೆ ಕೂತು, ಹೊರಗೆ ಗಾಡಿ ಹಾಯುವ ಸಪ್ಪಳ ಕೇಳುತ್ತ, ಅವಸರವಿಲ್ಲದೆ ತಲೆಯ ಮೇಲೆ ನೀರು ಸುರಿದುಕೊಂಡಳು. ಹುಕ್ಕೇರಿಯ ತವರಲ್ಲಿ ಸುತ್ತ ಗೋಡೆಯಿದ್ದ ಬಚ್ಚಲಲ್ಲಿ ಬೆಳೆದವಳಿಗೆ, ಈ ಮನೆಗೆ ಬಂದ ಮೇಲೆ ಹೀಗೆ ನಿರುಮ್ಮಳವಾಗಿ ನೀರು ಹಾಕಿಕೊಂಡದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು. ಒಳಗೆ ತೊಟ್ಟಿಲಲ್ಲಿದ್ದ ಅವಳ ಎಳೆಗೂಸು ಅಳದೇ ಇದ್ದಿದ್ದರೆ ಇನ್ನೂ ಕೂತಿರುತ್ತಿದ್ದಳೋ ಏನೋ.

ಸಂಕಟ ಹೊಕ್ಕದ್ದು ಅಡುಗೆಮನೆಯಿಂದ.

ಪದ್ಮವ್ವ ಸಂಜೆ ಒಲೆಯ ಮುಂದೆ ಕೂತರೆ ಅವಳ ಕಣ್ಣು ಹಿತ್ತಲ ಬಾಗಿಲಿನ ಮೇಲೆ. ಹೊತ್ತು ಮುಳುಗಲು ಎರಡು ಘಳಿಗೆ ಇರುವಾಗಲೇ ಮನೆಮಂದಿಯೆಲ್ಲ ಉಂಡು ಬಾಯಿ ತೊಳೆಯಬೇಕು. ಅದು ಅವಳ ವ್ರತ. ಘಳಿಗೆ ತಿಳಿಯಲು ಅವಳಿಗೆ ಗಡಿಯಾರ ಬೇಕಿರಲಿಲ್ಲ. ಕೂತಲ್ಲಿಂದ ನೋಡಿದಾಗ ಪಶ್ಚಿಮದ ಸೂರ್ಯ ಬೇಲಿಯ ತುದಿಗೆ ತಾಗಿದರೆ ಎರಡು ಘಳಿಗೆ ಉಳಿದಿದೆ ಎಂದು ಲೆಕ್ಕ. ಮದುವೆಯಾಗಿ ಬಂದ ವರ್ಷ ಅವಳ ಅತ್ತೆ ಹೇಳಿಕೊಟ್ಟದ್ದು, ಅವತ್ತಿನಿಂದ ಒಂದು ದಿನವೂ ತಪ್ಪಿದ್ದಿಲ್ಲ. "ಬೇಲಿಗೆ ಬಂತು" ಎಂದು ಅವಳು ಅಂದಳೆಂದರೆ ಒಲೆ ಆರುತ್ತಿತ್ತು, ಗಡಿಗೆಯ ಬಾಯಿ ಮುಚ್ಚುತ್ತಿತ್ತು.

ಈಗ ಬೇಲಿ ಬದಲಾಗಿತ್ತು, ಮಾತು ಬದಲಾಗಿರಲಿಲ್ಲ. ಹೊತ್ತು ಇನ್ನೂ ಮೇಲಿರುವಾಗಲೇ ಹಲಗೆಯ ತುದಿಗೆ ತಾಗುತ್ತಿತ್ತು, ಹಿತ್ತಲೆಲ್ಲ ನೆರಳಾಗುತ್ತಿತ್ತು. ಪದ್ಮವ್ವನ ಕಣ್ಣಿಗೆ ಪೊರೆ ಬರತೊಡಗಿತ್ತು. ನೆರಳಾದದ್ದೇ ಅವಳಿಗೆ ಸಂಜೆ.

"ಬೇಲಿಗೆ ಬಂತು. ಏಳ್ರಿ, ಕೈ ತೊಳಕೋರಿ."

"ಇಷ್ಟ ಲಗೂನ?" ಎಂದ ತವನಪ್ಪ. ಹೊಟ್ಟೆ ಇನ್ನೂ ಹಸಿದಿರಲಿಲ್ಲ.

"ಛಳಿಗಾಲ ಬಂತಲ್ಲ. ಹೊತ್ತ ಏನ ನಿಮ್ಮ ಸಲುವಾಗಿ ನಿಂದರತೈತಿ?"

ಛಳಿಗಾಲವೆಂಬುದು ಖರೆಯೇ. ತವನಪ್ಪ ಮತ್ತೆ ಕೇಳಲಿಲ್ಲ. ಅವನಿಗೆ ಬೇಗ ಉಂಡು ಬೇಗ ಕಟ್ಟೆಗೆ ಹೋಗುವುದು ಬೇಡವಾದ ಸಂಗತಿಯೇನಲ್ಲ. ಅವನಾದ ಮೇಲೆ ಪದ್ಮವ್ವ ಉಣ್ಣುವಳು. ಎಲ್ಲರದಾದ ಮೇಲೆ, ಎಮ್ಮೆ ಕರೆದು ಬಂದು, ತಾರಾಬಾಯಿ. ಆದರೆ ಮೇಯಲು ಹೋದ ಎಮ್ಮೆಗೆ ಈ ಹೊಸ ಲೆಕ್ಕ ಗೊತ್ತಿರಲಿಲ್ಲ. ಅದು ತನ್ನ ಹೊತ್ತಿಗೇ ಮನೆಗೆ ಬರುತ್ತಿತ್ತು. ತಾರಾಬಾಯಿ ಅದಕ್ಕೆ ಹೊಟ್ಟು ಹಾಕಿ, ಹಾಲು ಕರೆದು ಒಳಗೆ ಬರುವಷ್ಟರಲ್ಲಿ ಅಡುಗೆಮನೆ ಸಾರಿಸಿಯಾಗಿರುತ್ತಿತ್ತು.

"ಇವತ್ತೂ ತಡಾ ಮಾಡಿದಿ?" ಎನ್ನುವಳು ಪದ್ಮವ್ವ. "ಹೊತ್ತ ಹೋತಲ್ಲ. ಇನ್ನ ಹೆಂಗ ಉಣ್ತಿ? ನಾಳೆರ ಲಗೂ ಮುಗಸ ಕೆಲಸಾ."

ಎರಡನೆಯ ದಿನವೇ ತಾರಾಬಾಯಿಗೆ ಸಂಗತಿ ತಿಳಿಯಿತು. ದನದ ಕೊಟ್ಟಿಗೆಯ ಕಿಂಡಿಯಿಂದ ಅವಳಿಗೆ ಹೊತ್ತು ಕಾಣುತ್ತಿತ್ತು, ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು. ಅವಳು ಧೈರ್ಯ ಮಾಡಿ, "ಅತ್ತಿ, ಹೊತ್ತ ಇನ್ನೂ ಐತೇನೋ ಅನಸತೈತ್ರಿ," ಎಂದಳು.

ಪದ್ಮವ್ವನಿಗೆ ಸಿಟ್ಟು ನೆತ್ತಿಗೇರಿತು. "ನನಗ ಹೊತ್ತ ನೋಡೂದ ಕಲಸಾಕ ಬಂದಿ? ಬೇಲಿ ಆದಾಗಿಂದ ನೋಡಾಕತ್ತೇನಿ, ಒಂದೊಂದ ತಂಬಿಗಿ ನೀರಿಗೆ ಒಂದೊಂದ ತಾಸ ಕುಂದರ್ತಿ ಬಚ್ಚಲದಾಗ. ಕೆಲಸಾ ಹಿಂದ ಬೀಳದ ಏನ ಮಾಡತೈತಿ? ನಿನ್ನ ಸಲುವಾಗಿ ಮಾವಾರು ಅಡವಿ ಕಡದ ತಂದ ನಿಂದರಸ್ಯಾರ, ಇನ್ನ ಏನ ಬೇಕು?"

ತಾರಾಬಾಯಿ ಬಾಯಿ ಮುಚ್ಚಿದಳು. ಬೇಲಿಯಿಂದಲೇ ಹೀಗಾಗಿದೆ ಎಂದರೆ ಬೇಲಿಯನ್ನೇ ಕಿತ್ತು ಹಾಕುವರು, ಅದು ಅವಳಿಗೆ ಗೊತ್ತು. ಮತ್ತೆ ಹತ್ತಿಯ ಗಾಡಿ, ಮತ್ತೆ ಆ ಹಾಡು. ಅದಕ್ಕಿಂತ ಹಸಿದಿರುವುದೇ ಮೇಲೆಂದು ಅವಳಿಗೆ ಕಂಡಿತು. ಆ ಹಾಡು ಕೇಳಿದವಳು ಅವಳು, ಬೇರೆಯವರಲ್ಲ.

ಆದರೆ ಹಸಿವು ಅವಳೊಬ್ಬಳದೇ ಆಗಿರಲಿಲ್ಲ. ಎದೆಹಾಲು ಕುಡಿಯುವ ಕೂಸು. ಮೊದಲು ಹುಟ್ಟಿದ್ದು ತೊಟ್ಟಿಲಿಳಿಯುವ ಮುಂಚೆಯೇ ಹೋಗಿಬಿಟ್ಟಿತ್ತು. ಹಾಗಾಗಿ ಈ ಕೂಸು ಕೆಮ್ಮಿದರೂ ಮನೆಮಂದಿಗೆ ಎದೆ ಝಲ್ಲೆನ್ನುತ್ತಿತ್ತು. ಮಾರ್ಗಶಿರದ ಹೊತ್ತಿಗೆ ಅದರ ಗಲ್ಲ ಇಳಿಯತೊಡಗಿತು. ಎದೆಗೆ ಹಚ್ಚಿದರೆ ಎರಡು ಸಲ ಎಳೆದು ಬಾಯಿ ತೆಗೆದು ಅಳುವುದು. ಎಮ್ಮೆಯ ಹಾಲು ನೀರು ಬೆರೆಸಿ ಒಳಲೆಯಲ್ಲಿ ಹಾಕಿದರೆ ಕಕ್ಕುವುದು.

ರವಿವಾರ ಜಿನಪ್ಪ ಹೆಂಡತಿಯನ್ನು ನೋಡಿ, "ಯಾಕ, ಭಾಳ ಸೊರಗೀದಿ?" ಎಂದು ಕೇಳಿದ.

"ಏನಿಲ್ರಿ. ಛಳಿ."

"ಹೊಟ್ಟಿತುಂಬ ಉಣ್ತಿಯಿಲ್ಲ?"

"ಉಣ್ತೇನ್ರಿ," ಎಂದು ಅವಳು ಕೂಸನ್ನೆತ್ತಿಕೊಂಡು ಒಳಗೆ ಹೋದಳು.

ಪದ್ಮವ್ವ ಸುಮ್ಮನೆ ಕೂತವಳಲ್ಲ. ದೃಷ್ಟಿ ತೆಗೆದಳು. ಎದೆಹಾಲು ಹೆಚ್ಚಲೆಂದು ಮುಂಜಾನೆ ತುಪ್ಪ ಹಾಕಿ ಅಳವಿ ಬೀಜದ ಪಾಯಸ ಮಾಡಿ ಸೊಸೆಯ ಮುಂದೆ ಕೂತು ಕುಡಿಸಿದಳು. ಸಬ್ಬಸಗಿ ಪಲ್ಯ ಮಾಡಿದಳು. ಬಸದಿಯಲ್ಲಿ ಹರಕೆ ಹೊತ್ತಳು. ಸೊಸೆಯ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಮುಂಜಾನೆ ಬಾಯಿಗೆ ಬಲವಂತ ಮಾಡಿ ಹಾಕಿ, ಸಂಜೆ ತನ್ನ ಕೈಯಾರೆ ಗಡಿಗೆ ಮುಚ್ಚುತ್ತಿದ್ದಳು, ಅಷ್ಟೇ.

ಒಂದು ಸಂಜೆ ಒಲೆ ಆರಿಸಿ, ಅಡುಗೆಮನೆ ಸಾರಿಸಿದ ಮೇಲೆಯೂ ಕೂಸಿನ ಅಳು ನಿಲ್ಲಲಿಲ್ಲ. ದನಿ ಬತ್ತಿಹೋದಂತೆ ಅಳುತ್ತಿತ್ತು. ಪದ್ಮವ್ವನಿಗೆ ತಡೆಯಲಾಗಲಿಲ್ಲ. ಕೋಲು ಹಿಡಿದು ಮುಂಬಾಗಿಲಿನಿಂದ ಹೊರಬಿದ್ದು, ಓಣಿ ಹಿಡಿದು ಬಾಜೂ ಮನೆಯ ಕಾಶೆವ್ವನ ಹತ್ತಿರ ಹೋದಳು. ಕಾಶೆವ್ವ ಏಳು ಮಕ್ಕಳನ್ನು ಹೆತ್ತು ಸಾಕಿದವಳು. ಅವಳು ಹಿತ್ತಲಲ್ಲಿ ಜೋಳ ಕೇರುತ್ತಿದ್ದಳು.

"ಬರ್ರಿ ಪದ್ಮಕ್ಕ. ಕೂಸ ಯಾಕ ಹಂಗ ಅಳಾಕತ್ತೈತಿ?"

"ಹಾಲ ಸಾಲವಲ್ದು ಕಾಶೆವ್ವಾ. ಮಾಡೂದೆಲ್ಲಾ ಮಾಡೇನಿ. ನಿನಗ ಏನರ ಔಷಧ ಗೊತ್ತಿದ್ರ ಹೇಳ ನಮ್ಮವ್ವ."

"ಬಾಣಂತಿಗೆ ಏನೇನ ಉಣಸ್ತೀರಿ?"

"ಮುಂಜಾನೆ ಅಳವಿ ಪಾಯಸ. ಮಧ್ಯಾಹ್ನ ಸಬ್ಬಸಗಿ, ಬಿಸಿ ರೊಟ್ಟಿ, ತುಪ್ಪ."

"ಸಂಜಿಗೆ?"

ಪದ್ಮವ್ವ ಬೆರಳು ಮಡಚುತ್ತ ಎಣಿಸಿದಳು. ಸಂಜೆಗೆ ಏನು? ನಿನ್ನೆ ತಡವಾಗಿತ್ತು. ಮೊನ್ನೆಯೂ ತಡವಾಗಿತ್ತು. ಅದರ ಹಿಂದಿನ ದಿನ? ನೆನಪು ಮಾಡಿಕೊಳ್ಳುತ್ತ ಹೋದಂತೆ ಸೊಸೆ ಸಂಜೆ ತಾಟಿನ ಮುಂದೆ ಕೂತದ್ದು ಯಾವಾಗ ಎಂಬುದೇ ನೆನಪಾಗಲಿಲ್ಲ.

"ಹೊತ್ತ ಹೋಗಿರತೈತಿ ಕಾಶೆವ್ವಾ. ಆಕಿ ಎಮ್ಮಿ ಕರದ ಬರೂದರಾಗ ಹೊತ್ತ ಹೋಗಿರತೈತಿ," ಎಂದಳು.

"ಯಾವ ಹೊತ್ತರಿ? ಇವತ್ತಿಂದೂ ಹೋತೇನ?"

"ಹೋತಲ್ಲ. ಒಲಿ ಆರಿಸಿ ಬಂದೇನಿ."

ಕಾಶೆವ್ವ ನಕ್ಕಳು. "ನೋಡ್ರಿ ಹಂಗಾರ," ಎಂದು ಪದ್ಮವ್ವನ ಭುಜ ಹಿಡಿದು ಪಶ್ಚಿಮಕ್ಕೆ ತಿರುಗಿಸಿದಳು.

ಕಾಶೆವ್ವನ ಹಿತ್ತಲಿಗೆ ಇನ್ನೂ ಹಳೆಯ ಕಳ್ಳಿ ಬೇಲಿಯೇ. ಅದರ ಮೇಲೆ, ಬಹಳ ಮೇಲೆ, ಹೊತ್ತು ಬೆಳ್ಳಗೆ ನಿಂತಿತ್ತು. ಪೊರೆ ಬಂದ ಕಣ್ಣಿಗೂ ಚುಚ್ಚುವಷ್ಟು ಬಿಸಿಲು. ಮೊರದೊಳಗಿನ ಜೋಳ ಹೊಳೆಯುತ್ತಿತ್ತು. ಪಕ್ಕಕ್ಕೆ ನೋಡಿದರೆ ತನ್ನದೇ ಮನೆಯ ಹಲಗೆಗಳು ಸಾಲಾಗಿ ನಿಂತು, ಅವುಗಳ ನೆರಳಲ್ಲಿ ಹಿತ್ತಲು ಕತ್ತಲಾಗಿತ್ತು.

"ನನ್ನ ಕಣ್ಣಿಗೆ ಬೆಂಕಿ ಹಚ್ಚಲಿ," ಎಂದಳು ಪದ್ಮವ್ವ. "ಬೇಲಿ ಹೆಚ್ಚಾತು, ನಾ ಹೊತ್ತ ಕಡಿಮಿ ಮಾಡಿದ್ನೆ! ಕೂಸಿನ ಬಾಯಾನ ಹಾಲ ಕಸಗೊಂಡ ಬಸದ್ಯಾಗ ಹರಕಿ ಹೊತ್ತೆನೆ ನಾ!"

ಆ ಮೊಣಕಾಲಿನಲ್ಲಿ ಅವಳು ಅಷ್ಟು ಬಿರುಸಾಗಿ ನಡೆದದ್ದನ್ನು ಓಣಿಯವರು ಯಾವತ್ತೂ ನೋಡಿರಲಿಲ್ಲ. ಕಟ್ಟೆಗೆ ಹೊರಟಿದ್ದ ತವನಪ್ಪ ಬಾಗಿಲಲ್ಲೇ ಎದುರಾದ.

"ಎಲ್ಲಿ ಹೊಂಟೀರಿ? ಒಲಿ ಹಚ್ಚಬೇಕು. ಕುಳ್ಳ ತರ್ರಿ."

"ಒಲಿ? ಈಗ ಆರಿಸಿದಿ!"

"ಆರಸಿದ್ದು ತಪ್ಪಾತು. ತರ್ರಿ ಲಗೂನ, ಹೊತ್ತೈತಿ ಇನ್ನೂ."

ಹೆಂಡತಿಯ ಬಾಯಿಂದ ತಪ್ಪಾಯಿತೆಂಬ ಮಾತು ಕೇಳಿ ಬೆರಗಾದ ತವನಪ್ಪ ಸಗಣಿಯ ಕುಳ್ಳು ತಂದುಕೊಟ್ಟ. ಪದ್ಮವ್ವ ಹಿಟ್ಟು ನಾದಿ ರೊಟ್ಟಿ ಬಡಿದಳು. ಹೊತ್ತು ಎಲ್ಲಿಗೆ ಬಂತೆಂದು ಆಗಾಗ ಕೂಗಿ ಕೇಳುವಳು, ಕಾಶೆವ್ವ ತನ್ನ ಹಿತ್ತಲಿನಿಂದ, "ಇನ್ನೂ ಮ್ಯಾಲೈತ್ರಿ, ಬಡೀರಿ," ಎನ್ನುವಳು. ತಾರಾಬಾಯಿ ಹಾಲಿನ ಚರಿಗೆ ಹಿಡಿದು ಒಳಗೆ ಬಂದಾಗ ತಾಟು ಹಾಕಿಯಾಗಿತ್ತು.

"ಕುಂದರ," ಎಂದಳು ಪದ್ಮವ್ವ.

"ಅತ್ತಿ, ಹೊತ್ತು..."

"ಹೊತ್ತ ನಾ ನೋಡಿ ಬಂದೇನಿ. ನೀ ಉಣ್ಣ. ಅವತ್ತ ನೀ ಹೇಳಿದ್ದ ಖರೇ ಇತ್ತು. ಬೈದ ಬಾಯಿ ಮುಚ್ಚಿಸಿದೆ ನಾ. ಮತ್ತೊಮ್ಮಿ ಯಾಕ ಹೇಳಲಿಲ್ಲ ಮಗಳ?"

ತಾರಾಬಾಯಿಗೆ ಅಳು ಒತ್ತರಿಸಿ ಬಂತು. "ಬೇಲಿ ತಗಸಿಬಿಡ್ತೀರಂತ ಅಂಜಿದ್ನಿರಿ. ಬೇಲಿ ತಗೀಬ್ಯಾಡ್ರಿ ಅತ್ತಿ. ಬೇಕಾದ್ರ ಸಂಜಿಗೆ ನಾ ಉಣ್ಣೂದ ಇಲ್ಲ."

ಬಾಗಿಲಲ್ಲಿ ನಿಂತಿದ್ದ ತವನಪ್ಪ ತಲೆ ತಗ್ಗಿಸಿದ. ಪದ್ಮವ್ವ ಸೆರಗಿನಿಂದ ಸೊಸೆಯ ಮೋರೆ ಒರೆಸಿದಳು. "ಹುಚ್ಚಿ. ಮಾನಾ ಬೇಕಂದ್ರ ಹೊಟ್ಟಿ ಕಟ್ಟಬೇಕಂತ ಯಾರ ಹೇಳ್ಯಾರ ನಿನಗ? ಮೊದಲ ಉಣ್ಣ," ಎಂದು ತುತ್ತು ಮಾಡಿ ಅವಳ ಬಾಯಿಗಿಟ್ಟಳು.

ಮರುದಿನ ಮುಂಜಾನೆಯೇ ಸತ್ತೆಪ್ಪನಿಗೆ ಕರೆ ಹೋಯಿತು. ಈ ಸಲ ಬೇಲಿಯ ಮಾತು ಊಟದ ಹೊತ್ತಿಗೆ ಆಗಲಿಲ್ಲ, ಹಿತ್ತಲಲ್ಲೇ ನಿಂತು ಆಯಿತು.

"ಹೆಂಗ ಇರಬೇಕ ಹೇಳ ನೀನ," ಎಂದಳು ಪದ್ಮವ್ವ ಸೊಸೆಗೆ. "ಮಾವಾರ ಮುಂದನ ಹೇಳ. ನಾ ನಡುವ ಹೇಳಾಕಿಲ್ಲ."

ತಾರಾಬಾಯಿ ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತಲೇ, ಆದರೆ ಸ್ಪಷ್ಟವಾಗಿ ಹೇಳಿದಳು. "ಬಚ್ಚಲದ ಸುತ್ತ ನಾಕೂ ಕಡೆ ಈಗಿದ್ದಷ್ಟ ಎತ್ತರ ಇರ್ಲಿ ಮಾವಾರ, ಒಂದ ಬಾಗಲಾ ಹಚ್ಚಸ್ರಿ. ಉಳಿದದ್ದು ಕಳ್ಳಿ ಇದ್ದಷ್ಟ ಆದ್ರ ಸಾಕ್ರಿ."

"ಕೊಯ್ಯೂದು?" ತವನಪ್ಪನ ಮುಖ ಸಣ್ಣದಾಯಿತು. "ಊರ ಮಂದೀನೆಲ್ಲಾ ಕರದ ತೋರಸೇನಿ ಬೇಲಿ!"

"ಇನ್ನೊಮ್ಮಿ ಕರದ ತೋರಸ್ರಿ," ಎಂದಳು ಪದ್ಮವ್ವ. "ಬೆಲ್ಲ ಐತಿ ಮನ್ಯಾಗ."

ಪದ್ಮವ್ವ ಒಲೆಯ ಮುಂದೆ ತನ್ನ ಜಾಗದಲ್ಲಿ ಕೂತು, "ಇನ್ನಷ್ಟ ಕೆಳಗ, ಇನ್ನೊಂದೀಟ," ಎಂದು ಕೂಗಿ ಸತ್ತೆಪ್ಪನಿಂದ ಹಲಗೆಗೆ ಗೆರೆ ಹಾಕಿಸಿದಳು. ಗರಗಸದ ಸಪ್ಪಳ ದಿನವೆಲ್ಲ ಕೇಳಿತು. ತವನಪ್ಪ ಆ ದಿನ ಹೊಲಕ್ಕೆ ಹೋದವನು ಮಧ್ಯಾಹ್ನ ಮನೆಗೇ ಬರಲಿಲ್ಲ. ಕೊಯ್ದ ತುಂಡುಗಳೇ, ಒಂದರ ಮೇಲೊಂದು ಕೂಡಿಕೊಂಡು, ಬಚ್ಚಲಿನ ಉಳಿದ ಬದಿಗಳಿಗೂ ಬಾಗಿಲಿಗೂ ಆದವು. ತಾರಾಬಾಯಿ ಒಳಗೆ ಹೋಗಿ ಅಗಳಿ ಹಾಕಿ ತೆಗೆದು, ಮತ್ತೆ ಹಾಕಿ ನೋಡಿದಳು.

ಪುಷ್ಯ ಬರುವಷ್ಟರಲ್ಲಿ ಕೂಸಿನ ಗಲ್ಲ ಮತ್ತೆ ತುಂಬಿತು. ರಾತ್ರಿ ನಿದ್ದೆ ಹತ್ತಿತೆಂದು ಜಿನಪ್ಪ ಎಲ್ಲರಿಗಿಂತ ಹೆಚ್ಚು ಖುಷಿಯಾದ.

ಒಂದು ರವಿವಾರ ಸಂಜೆ. ಬಿಸಿಲು ಅಡುಗೆಮನೆಯ ಒಳಗೆ ಒಲೆಯವರೆಗೂ ಬಿದ್ದಿತ್ತು. ತವನಪ್ಪನೂ ಜಿನಪ್ಪನೂ ಕೈ ತೊಳೆದು ಬಂದು ಮಣೆಯ ಮೇಲೆ ಕೂತರು. ಪದ್ಮವ್ವ ತಾಟು ಹಚ್ಚಿ ಅವರನ್ನು ದಾಟಿಕೊಂಡು ಹೋಗಿ ತಾರಾಬಾಯಿಯ ಮುಂದಿಟ್ಟಳು.

"ನಮಗ?" ಎಂದ ತವನಪ್ಪ.

"ಮೊದಲ ಹಾಲುಣಸಾಕಿ ಉಣ್ಲಿ. ಎಮ್ಮಿ ಬರೂ ಹೊತ್ತಾತು. ನಿಮಗೇನ ಕಟ್ಟಿ ಓಡಿ ಹೋಗತೈತಿ?"

ತವನಪ್ಪ ಮಗನ ಮುಖ ನೋಡಿದ. ಜಿನಪ್ಪ ಬೇಲಿಯ ಕಡೆ ನೋಡಿದ. ಇಬ್ಬರೂ ಖಾಲಿ ನೆಲದ ಮುಂದೆ ಸುಮ್ಮನೆ ಕೂತರು.

ಗಂಡ, ಮಾವ ಇಬ್ಬರೂ ಕಾಯುತ್ತ ಕೂತಿರುವಾಗ ಉಣ್ಣುವುದೆಂದರೆ ತಾರಾಬಾಯಿಗೆ ಮೊದಲ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಎರಡನೆಯದು ಇಳಿಯಿತು. ಆಮೇಲೆ ಹಸಿವೆಯೇ ನಾಚಿಕೆಯನ್ನು ಗೆದ್ದಿತು. ತೊಡೆಯ ಮೇಲೆ ಕೂಸು ಹೊಟ್ಟೆ ತುಂಬಿ ಮಲಗಿತ್ತು. ತಾಟು ಬರಿದಾಯಿತು. ಅವಳು ತಲೆಯೆತ್ತಿ ಒಲೆಯ ಕಡೆ ನೋಡಿದಳು.

"ಅತ್ತಿ," ಎಂದಳು, ಎಲ್ಲರಿಗೂ ಕೇಳಿಸುವಂತೆ, "ಇನ್ನೊಂದ ರೊಟ್ಟಿ ಹಾಕ್ರಿ."

ಪದ್ಮವ್ವ ಎರಡು ಹಾಕಿದಳು.